ಅತಿಥಿಯನ್ನು ಪ್ರಶ್ನಿಸುವಂತಿಲ್ಲ

ನಮ್ಮ ಕ್ರೈಸ್ತ ಮಠದ ಅತಿಥಿಗೃಹ ನೋಡಿಕೊಳ್ಳುವ ಅಬೂನ, ಅಂದರೆ ಫಾದರ್, ಬಿಸಾದಾ ಬಂದವರ ಹೆಸರನ್ನೂ ಕೇಳುವುದಿಲ್ಲ. ಬಾಗಿಲಿಗೆ ಬಂದವನು ಕ್ರಿಸ್ತ. ಕಾಲು ತೊಳೆ, ಉಣ್ಣಿಸು, ಅವನಾಗಿ ಹೇಳುವವರೆಗೆ ಏನೂ ಕೇಳಬೇಡ. ಹಿರಿಯರು ಹಾಕಿಕೊಟ್ಟ ನಿಯಮ. ನಾನೂ ಅಬೂನನೇ, ಆದರೆ ಅಡುಗೆಯ ಸನ್ಯಾಸಿ, ನನಗೆ ಅಷ್ಟು ನಿಯಮ ಜೀರ್ಣವಾಗುವುದಿಲ್ಲ.

ಆ ಬೆಳಿಗ್ಗೆ ಬಂದ ಕ್ರಿಸ್ತ ಬಿಸಾದಾನ ಸ್ವಂತ ತಮ್ಮ ನಖ್ಲಾ. ಅವರ ಊರಾದ ಸಮಾಲೂತಿನಿಂದ ಈರುಳ್ಳಿ ಲಾರಿ ಹತ್ತಿ ಬಂದಿದ್ದ. ಅಣ್ಣ ಕಾಲು ತೊಳೆಯುವ ಬೋಗುಣಿ ತರಲು ಹೋದದ್ದೇ ತಡ, ನನ್ನ ಅಡುಗೆಮನೆಗೆ ನುಗ್ಗಿದ.

"ಅಮ್ಮ ಹಾಸಿಗೆ ಹಿಡಿದವ್ಳೆ ಅಬೂನ. ಅಣ್ಣನ ಮುಖ ಒಂದ್ಸಲ ನೋಡ್ಬೇಕಂತೆ."

"ಹಾಗಂತ ಅವನಿಗೇ ಹೇಳು ಮಾರಾಯ!"

"ನಾನ್ಯಾಕೆ ಹೇಳ್ಲಿ? ಸನ್ಯಾಸ ತಗೊಂಡ ದಿನ ಲೋಕಕ್ಕೆ ಸತ್ತೆ ಅಂತ ಹೆಣದ ಬಟ್ಟೆ ಹೊದ್ದು ಮಲಗಿ ಶವದ ಪ್ರಾರ್ಥನೆ ಹೇಳಿಸ್ಕೊಂಡ. ಅಮ್ಮ ಎದೆ ಬಡ್ಕೊಂಡು ಅತ್ತಳು. ಸತ್ತೋನ ಮುಂದೆ ಅಂಗಲಾಚ್ಬೇಕಾ? 'ಅಮ್ಮ ಹೇಗವ್ಳೆ' ಅಂತ ಅವನೇ ಒಂದು ಮಾತು ಕೇಳ್ಲಿ, ಕರ್ಕೊಂಡು ಹೋಗ್ತೀನಿ. ನೀವು ಬಾಯಿ ಬಿಟ್ರೆ, ಮರಿಯಮ್ಮನಾಣೆ, ಈಗ್ಲೇ ಹೊರಟೆ."

ಅತ್ತ ದರಿ, ಇತ್ತ ಪುಲಿ. ನಾನು ಬಾಯಿ ಮುಚ್ಚಿಕೊಂಡೆ.

ಬಿಸಾದಾ ತಮ್ಮನ ಕಾಲು ತೊಳೆದ. ಬೆರಳ ಸಂದಿಯನ್ನೂ ಬಿಡದೆ ಒರೆಸಿದ. ನಖ್ಲಾ ಅಣ್ಣನ ಬಗ್ಗಿದ ತಲೆಯನ್ನೇ ನೋಡುತ್ತ ಕಾದ. ಆಮೇಲೆ ಬೇಯಿಸಿದ ಅವರೆ, ಬಿಸಿ ರೊಟ್ಟಿ ಬಂತು.

"ಇನ್ನೊಂದು ರೊಟ್ಟಿ ತಗೊಳ್ಳಿ," ಎಂದ ಬಿಸಾದಾ. ಒಡಹುಟ್ಟಿದವನಿಗೆ ಬಹುವಚನ! ನನ್ನ ಮೈಯೆಲ್ಲ ಉರಿಯಿತು.

"ಬೇರೆ ಏನಾದ್ರೂ ಕೇಳೋದಿತ್ತಾ?" ನಖ್ಲಾ ಮೆಲ್ಲಗೆ ಅಂದ.

"ಚಹಾಕ್ಕೆ ಸಕ್ಕರೆ ಎಷ್ಟು?"

ನಾನು ಬೇಕೆಂದೇ ಪಾತ್ರೆ ಬೀಳಿಸಿದೆ, ಕೆಮ್ಮಿದೆ. ಯಾರೂ ತಿರುಗಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕು? ನಿಯಮ ಪಾಲಿಸುವವನ ಮೇಲೋ, ಹಟ ಹಿಡಿದವನ ಮೇಲೋ, ಸುಮ್ಮನಿರುವ ನನ್ನ ಮೇಲೋ? ಅಷ್ಟರಲ್ಲಿ ಲಾರಿ ಹಾರ್ನ್ ಹೊಡೆಯಿತು. ನಖ್ಲಾ ಚಹಾ ಮುಟ್ಟದೆ ಎದ್ದು ಹೋದ.

ಬಿಸಾದಾ ಒರೆಸಿದ ಬೋಗುಣಿಯನ್ನೇ ಮತ್ತೆ ಒರೆಸುತ್ತಿದ್ದ. "ಅತಿಥಿಗೆ ಏನಾದ್ರೂ ಕಡಿಮೆ ಆಯ್ತಾ?"

"ನಿನ್ನಮ್ಮ ಹಾಸಿಗೆ ಹಿಡಿದಿದ್ದಾಳಂತೆ. ನಿನ್ನನ್ನ ನೋಡ್ಬೇಕಂತೆ. ಒಂದು ಮಾತು ಕೇಳೋಕೆ ನಿನಗೇನಾಗಿತ್ತು?"

ಅವನು ಒರೆಸುವುದನ್ನು ಬಿಟ್ಟು ನನ್ನತ್ತ ತಿರುಗಿದ. "ಗಂಟಲ ತನಕ ಬಂದಿತ್ತು. ಆದ್ರೆ ಬಂದೋನು ಕ್ರಿಸ್ತ ಅಲ್ವಾ? ಕ್ರಿಸ್ತನಿಗೆ ಯಾರಾದ್ರೂ 'ಅಮ್ಮ ಹೇಗಿದ್ದಾಳೆ' ಅಂತ ಕೇಳ್ತಾರಾ?"

"ಯಾಕೆ, ಅವನಿಗೆ ಅಮ್ಮ ಇರ್ಲಿಲ್ವಾ?"

ಸಿಟ್ಟಿನಲ್ಲಿ ಬಂದ ಮಾತು. ಪಾಪವೋ ಸತ್ಯವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಬಿಸಾದಾ ಬೋಗುಣಿ ಕೆಳಗಿಟ್ಟ. ಹಿರಿಯರ ಅಪ್ಪಣೆಯಿಲ್ಲದೆ ಯಾವ ಸನ್ಯಾಸಿಯೂ ದಾಟದ ಮಠದ ಬಾಗಿಲನ್ನು ಬರಿಗಾಲಲ್ಲಿ ದಾಟಿದ. ದಾರಿಯಲ್ಲಿ ಲಾರಿಯ ಧೂಳು ಮಾತ್ರ ಇತ್ತು. "ನಿಲ್ಲು" ಎಂದು ಕೂಗಬೇಕೋ, "ಓಡು" ಎಂದು ಕೂಗಬೇಕೋ ತಿಳಿಯದೆ ನಾನು ಹೊಸ್ತಿಲ ಮೇಲೆ ಬಾಯಿ ತೆರೆದು ನಿಂತಿದ್ದೆ.