ಪಹಣಿಯಲ್ಲಿ ಮಾವನ ಹೆಸರು

ಅಜ್ಜಂಪುರದ ಹತ್ತಿರದ ಹಳ್ಳಿಯ ತೀರ್ಥಮ್ಮನಿಗೆ ಇದು ಮಾತ್ರ ತಲೆಗೇ ಹತ್ತುತ್ತಿರಲಿಲ್ಲ. ಸುರಿದದ್ದು ಒಂದೇ ಮಳೆ. ಬದುವಿನ ಆಚೆಗೂ ಈಚೆಗೂ ಕೊಳೆತದ್ದು ಈರುಳ್ಳಿಯೇ. ಬೆಳೆ ಪರಿಹಾರ ಬಂದದ್ದು ಮಾತ್ರ ಪಕ್ಕದ ಹೊಲದ ಮಹಬೂಬ್ ಬಿಗೆ. ತೀರ್ಥಮ್ಮನ ಮನೆಯಲ್ಲಿ ಬಿತ್ತನೆ ಬೀಜಕ್ಕೆಂದು ಹಾಲು ಕರೆಯುವ ಹಸುವನ್ನೇ ಮಾರಲು ಹೊರಟಿದ್ದರು. ದಲ್ಲಾಳಿ ಧನಪಾಲ್ ನಾಳೆ ಬರುವವನಿದ್ದ. ಹಸು ಹೋದರೆ ಡೈರಿಗೆ ಹಾಕಲು ಹಾಲೆಲ್ಲಿ, ಸಂತೆಗೆ ಕಾಸೆಲ್ಲಿ? ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟುಹೋಗಿತ್ತು.

ಮನೆಗೆ ಬಂದ ಮಹಬೂಬ್ ಬಿಯನ್ನೇ ಕೇಳಿದಳು. "ನಾವೇನು ಪಾಪ ಮಾಡಿದ್ವಿ ಮಹಬೂಬಕ್ಕಾ? ದುಡಿಯೋದ್ರಲ್ಲಿ ಕಮ್ಮಿನಾ?"

"ಪಾಪ ಅಲ್ಲ ಕಣೇ. ಪಹಣಿ ಯಾರ ಹೆಸ್ರಲ್ಲೈತೆ?"

"ಮಾವನೋರ ಹೆಸ್ರಲ್ಲಿ."

"ಶಿವಮೂರ್ತಪ್ಪನೋರು ತೀರ್ಕಂಡು ಹನ್ನೊಂದು ವರ್ಷ ಆಯ್ತಲ್ಲೇ! ಸತ್ತೋರ ಹೆಸ್ರಿಗೆ ಪರಿಹಾರ ಹೆಂಗೆ ಬತ್ತೈತೆ? ನಮ್ಮನೆಯೋರು ತೀರ್ಕಂಡ ವರ್ಷವೇ ನಾನು ಪೌತಿ ಖಾತೆ ಮಾಡಿಸ್ದೆ, ಪಹಣಿ ನಮ್ಮ ಹೆಸ್ರಿಗೆ ಬಂತು."

ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಡ ಓಂಕಾರೇಶ್ ಸಿಡುಕಿದ. "ಅಪ್ಪನ ಹೆಸ್ರು ತೆಗ್ಸಾಕೋದಾ? ಊರೋರು ಮುಖಕ್ಕೆ ಉಗೀತಾರೆ. ಆಮೇಲೆ ನನ್ನ ತಮ್ಮ ಪಾಲು ಕೇಳ್ತಾನೆ, ಮನೆ ಒಡೀತೈತೆ."

ತೀರ್ಥಮ್ಮನಿಗೆ ಅದೂ ಸರಿ ಅನ್ನಿಸಿತು, ಇದೂ ಸರಿ ಅನ್ನಿಸಿತು.

"ಪೌತಿ ಖಾತೆ ಅಂದ್ರೆ ಪಾಲಲ್ಲ ಕಣಪ್ಪಾ," ಅಂದಳು ಮಹಬೂಬ್ ಬಿ. "ವಾರಸುದಾರ್ರೆಲ್ಲರ ಹೆಸ್ರೂ ಜಂಟಿಯಾಗಿ ಬತ್ತೈತೆ, ಅಕ್ಕತಂಗೀರದ್ದೂ. ಮರಣ ಪತ್ರ, ವಂಶವೃಕ್ಷ ತಗೊಂಡು ನಾಡಕಚೇರೀಲಿ ಕೇಳು. ಪರಿಹಾರ ಬರ್ಲಿಲ್ಲ ಅಂತ ಈಗ ಹಸು ಮಾರ್ತೀಯ. ಮುಂದಿನ ಸಲ ಏನು ಮಾರ್ತೀಯ?"

ತೀರ್ಥಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೋದ ವರ್ಷ ಎರಡು ಕುರಿ ಮಾರಿದ್ದರು. ಅದಕ್ಕೂ ಮುಂಚೆ ಅವಳ ಓಲೆ ಹೋಗಿತ್ತು.

"ಮಾವನೋರು ಇದ್ದಿದ್ರೆ ಹಸು ಮಾರಕ್ಕೆ ಬಿಡ್ತಿದ್ರೇನ್ರೀ?" ಎಂದು ಗಂಡನನ್ನು ಕೇಳಿದಳು.

ಓಂಕಾರೇಶ್ ಕೈಲಿದ್ದ ಹುಲ್ಲನ್ನು ಹಸುವಿನ ಮುಂದೆ ಹಾಕಿದ. ಧನಪಾಲನಿಗೆ ಫೋನ್ ಮಾಡಿದ. "ಹಸು ಕೊಡಲ್ಲ ಕಣಪ್ಪಾ. ಈ ಸಲ ಮನೇಲಿರೋ ಅಷ್ಟೋ ಇಷ್ಟೋ ಬೀಜಾನೇ ಬಿತ್ಕಂತೀವಿ." ಆಮೇಲೆ ತಮ್ಮನಿಗೂ ಮಾಡಿದ. "ಲೇ, ನಾಳೆ ಬಾರೋ, ನಾಡಕಚೇರಿಗೆ ಹೋಗಣ."

ಅರ್ಜಿ ಕೊಟ್ಟದ್ದು ತಡವಾದ್ದರಿಂದ ಆ ಮಳೆಯ ಪರಿಹಾರ ಅವರಿಗೆ ಸಿಗಲೇ ಇಲ್ಲ. ಹನ್ನೊಂದು ವರ್ಷ ಈ ಮಾತನ್ನು ತಮಗೆ ಯಾರೂ ಏಕೆ ಹೇಳಲಿಲ್ಲ ಎಂಬುದು ತೀರ್ಥಮ್ಮನಿಗೆ ಇನ್ನೂ ತಿಳಿದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ನಾವು ಹೇಳುತ್ತಿದ್ದೇವೆ. ಇವತ್ತೇ ಪಹಣಿ ತೆಗೆಸಿ ನೋಡಿ. ಅದರಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ಕೊಟ್ಟಿಗೆ ಖಾಲಿಯಾಗುವ ತನಕ ಕಾಯಬೇಡಿ.