ನಿಂತ ಚೆಂಡು

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆ ವರ್ಷ ಖಾಲಿ ಇದ್ದದ್ದು ಒಂದೇ ಜಾಗ. ಅದಕ್ಕೆ ಕಣ್ಣಿಟ್ಟವರು ಇಬ್ಬರು, ಅದೂ ಒಂದೇ ಮನೆಯವರು: ಅತ್ತಿಗೆ ಮತ್ತು ನಾದಿನಿ. ಅಂಟು ಹಾಕುವ ಯಂತ್ರದಲ್ಲಿ ಕೆಲಸ ಮಾಡುವ ಅತ್ತಿಗೆ ಹಿಂದೆ ತಂಡದಲ್ಲಿ ಆಡಿದ್ದವಳು, ಮಂಡಿನೋವಿನಿಂದ ಹೊರಗೆ ಕೂತಿದ್ದಳು. ನಾದಿನಿ ಕೆಲಸಕ್ಕೂ ಆಟಕ್ಕೂ ಹೊಸಬಳು. ಚೆಂಡು ಕಾಲಿಗೆ ಬಂದರೆ ಬಿಸಿ ಪಾತ್ರೆ ತಗುಲಿದವಳಂತೆ ಎಗರುತ್ತಿದ್ದಳು.

ನೀವೇ ಕಲಿಸಬೇಕು ಅತ್ತಿಗೆ ಎಂದು ಬೆನ್ನು ಬಿದ್ದವಳೂ ಅವಳೇ. ಒಲ್ಲೆ ಎನ್ನಲು ಅತ್ತಿಗೆಗೆ ಬಾಯಿ ಬರಲಿಲ್ಲ. ಶಿಫ್ಟ್ ಮುಗಿದ ಮೇಲೆ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ ಪಾಠ ಶುರುವಾಯಿತು. ಬಂದ ಚೆಂಡನ್ನು ಅಂಗಾಲಿನಡಿ ಒತ್ತಿ ನಿಲ್ಲಿಸುವುದನ್ನು ಕಲಿಸಿದಳು. ಹೊಸಬರಿಗೆ ಎಲ್ಲರೂ ಮೊದಲು ಹೇಳಿಕೊಡುವುದು ಅದನ್ನೇ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಅರ್ಧ ಪಾಠ. ಪಂದ್ಯದಲ್ಲಿ ಚೆಂಡನ್ನು ನಿಲ್ಲಿಸಿದವಳು ತಾನೂ ನಿಂತುಬಿಡುತ್ತಾಳೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾಳೆ. ಬಲ್ಲವರು ಪಾದದ ಒಳಬದಿಯಿಂದ ಚೆಂಡನ್ನು ಖಾಲಿ ಜಾಗದತ್ತ ಸರಿಸಿಕೊಂಡು, ಅದರ ಜೊತೆಗೇ ಹೊರಟುಬಿಡುತ್ತಾರೆ. ಈ ಮಾತು ಅತ್ತಿಗೆಯ ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿಕೊಂಡಳು. ಆಯ್ಕೆಯ ದಿನವೇ ಬಂದುಬಿಟ್ಟಿತು.

ಅಂದು ನಾದಿನಿಯ ಕಾಲಿಂದ ಒಂದು ಚೆಂಡೂ ಜಾರಲಿಲ್ಲ. ಪ್ರತಿಯೊಂದನ್ನೂ ಮೊಳೆ ಹೊಡೆದಂತೆ ನಿಲ್ಲಿಸಿದಳು. ಪ್ರತಿ ಸಲವೂ ಯಾರಾದರೂ ಬಂದು ಕಿತ್ತುಕೊಂಡು ಹೋದರು. ಲಾರಿ ವಿಭಾಗದ ಮೇಸ್ತ್ರಿಯೇ ತಂಡದ ಕೋಚ್. ಮಾತಾಡುವುದಕ್ಕಿಂತ ಊದುವುದೇ ಹೆಚ್ಚಾದ್ದರಿಂದ ಸೀಟಿ ಸಾರ್ ಎಂದೇ ಹೆಸರು. ಇದೇನು ಬಸ್ಸೇನಮ್ಮ, ಸ್ಟಾಪ್ ಸ್ಟಾಪಿಗೂ ನಿಲ್ಲಿಸೋಕೆ ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಕಲಿಸಿದ್ದು ಯಾರು ಎಂದಾಗ ನಾದಿನಿ ಮುಖ ಇಷ್ಟಗಲ ಮಾಡಿಕೊಂಡಳು.

"ನಮ್ಮ ಅತ್ತಿಗೆ ಸಾರ್."

ಸೀಟಿ ಸಾರ್ ಅತ್ತಿಗೆಯ ಕಡೆ ನೋಡಿದರು. ಅವಳು ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಜಾಗ ಅತ್ತಿಗೆಗೇ ಸಿಕ್ಕಿತು. ದಾರಿಯುದ್ದಕ್ಕೂ ನಾದಿನಿ ಇಬ್ಬರ ಚೀಲವನ್ನೂ ತಾನೇ ಹೊತ್ತಳು, ಮಂಡಿ ಹುಷಾರು ಎಂದಳು, ಅಣ್ಣನಿಗೆ ಸುದ್ದಿ ಹೇಳುವವಳು ತಾನೇ ಎಂದಳು. ರಾತ್ರಿ ಅತ್ತಿಗೆ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದಳು. ಖುಷಿಗೆ ಹಸಿವೇ ಹೋಗಿದೆ ಎಂದು ಗಂಡ ತಮಾಷೆ ಮಾಡಿದ.

ಮಾರನೆಯ ದಿನ ಅವಳೇ ನಾದಿನಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು.

"ನಿಲ್ಲಿಸಬೇಡ ಕಣೇ. ಪಕ್ಕಕ್ಕೆ ತಗೊಂಡು ಹೊರಡು."

ಮಾಡಿ ತೋರಿಸಿದಳು. ನಾಲ್ಕಾರು ಸಲಕ್ಕೇ ನಾದಿನಿಯ ಕಾಲು ಪಳಗಿತು. ಸ್ವಲ್ಪ ಹೊತ್ತಿಗೆ ಅತ್ತಿಗೆಯನ್ನೇ ದಾಟಿಕೊಂಡು ಹೋದಳು. ಗೋಡೆಯ ಹತ್ತಿರ ತಿರುಗಿದವಳ ಮುಖದಲ್ಲಿ ನಗು ಇತ್ತು. ಆಮೇಲೆ ಇರಲಿಲ್ಲ.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

ನಿನ್ನೆಯಷ್ಟೇ ಹೊಳೆಯಿತು ಎಂದರೆ ಅವಳು ನಂಬಿಬಿಡುತ್ತಿದ್ದಳು. ಅತ್ತಿಗೆಗೆ ಕಷ್ಟವಾದದ್ದು ಅದೇ.

"ಗೊತ್ತಿತ್ತು."

ನಾದಿನಿ ಚೆಂಡನ್ನೆತ್ತಿ ಧೂಳು ಒರೆಸಿದಳು, ಇಲ್ಲದ ಕಡೆಯೂ ಒರೆಸಿದಳು.

"ಇನ್ನೇನೇನು ಇಟ್ಟುಕೊಂಡಿದ್ದೀರಿ? ಅದನ್ನೂ ಹೇಳಿಬಿಡಿ."

ಇನ್ನೊಂದಿತ್ತು. ಚೆಂಡು ಕಾಲಿಗೆ ಬರುವ ಮೊದಲೇ ಕತ್ತು ಹೊರಳಿಸಿ, ಹಿಂದೆ ಯಾರಿದ್ದಾರೆ, ಜಾಗ ಎಲ್ಲಿದೆ ಎಂದು ನೋಡಿಕೊಂಡಿರಬೇಕು. ಅತ್ತಿಗೆ ಅದನ್ನೂ ಹೇಳಿದಳು. ನಾದಿನಿ ಪೂರ್ತಿ ಕೇಳಿಸಿಕೊಂಡು, ಚೆಂಡನ್ನು ಅವಳತ್ತ ಉರುಳಿಸಿ, "ಇನ್ನೊಂದು ಸಲ ಹಾಕಿ" ಎಂದಳು. ಎಂದಿನಂತೆ ಅತ್ತಿಗೆ ಎಂದು ಸೇರಿಸಲಿಲ್ಲ.