ಒಂದೇ ಕೂಗಿಗೆ ತಿರುಗದವನು

ಲುಂಬಾರಾಮನನ್ನು ಹಿಂದಿನಿಂದ ಒಂದೇ ಸಲ ಕರೆದರೆ ಅವನು ತಿರುಗುತ್ತಿರಲಿಲ್ಲ. ಊರ ಹಿರಿಯರೇ ಕರೆಯಲಿ, ಕಟ್ಟಿಕೊಂಡ ಹೆಂಡತಿಯೇ ಕರೆಯಲಿ, ಮನೆಗೆ ಬೆಂಕಿ ಬಿತ್ತೆಂದೇ ಕರೆಯಲಿ, ಆ ಒಂದು ಕೂಗು ಅವನ ಬೆನ್ನಿಗೆ ಬಡಿದು ಮರಳಿಗೆ ಬಿದ್ದುಹೋಗುತ್ತಿತ್ತು. ಅವನು ಮಾತ್ರ ಒಂಟೆಯ ಮೂಗುದಾರ ಹಿಡಿದು, ಎದೆಯನ್ನು ಮುಂದಕ್ಕೆ ಚಾಚಿ, ಬಿಗಿದುಕೊಂಡ ಬಾಗಿಲನ್ನು ಭುಜದಿಂದ ದೂಡುವವನಂತೆ ನಡೆಯುತ್ತಲೇ ಇರುತ್ತಿದ್ದ. ಎರಡನೆಯ ಸಲ ಹೆಸರು ಕಿವಿಗೆ ಬಿದ್ದಾಗ ನಿಲ್ಲುತ್ತಿದ್ದ. ಆಗಲೂ ಕತ್ತು ಹೊರಳಿಸುವವನಲ್ಲ, ಒಂಟೆಯ ಸಮೇತ ಒಂದು ಸುತ್ತು ಹಾಕಿ ಎದುರಿಗೆ ಬಂದು, "ಏನು, ಏನು?" ಎಂದು ಕೇಳುತ್ತಿದ್ದ.

ಜೈಸಲ್ಮೇರಿನಾಚೆಯ ನಮ್ಮ ಸೀಮೆಯಲ್ಲಿ ಈ ಕಟ್ಟಳೆ ಹೊಸದೇನಲ್ಲ. ದಿಬ್ಬಗಳ ನಡುವೆ ಸುಳಿದಾಡುವುದೊಂದು ಇದೆ. ಅದಕ್ಕೆ ನಮ್ಮವರು ಹೆಸರಿಟ್ಟಿಲ್ಲ. ಹೆಸರಿಟ್ಟರೆ ಹೊಸ್ತಿಲವರೆಗೂ ಬಂದೀತೆಂಬ ಭಯ. ಅದು ನಮಗೆ ಬೇಕಾದವರ ದನಿಯಲ್ಲೇ ಕರೆಯುತ್ತದೆ, ಆದರೆ ಒಂದೇ ಸಲ. ತಿರುಗಿದವನಿಗೆ ದಾರಿ ತಪ್ಪುತ್ತದೆ. ಹಾಗಾಗಿ ಬದುಕಿರುವವರು ಎರಡು ಸಲ ಕರೆಯಬೇಕು. ಇದನ್ನು ಎಲ್ಲರೂ ಬಲ್ಲರು, ಎಲ್ಲರೂ ಮರೆತು ತಿರುಗುತ್ತಾರೆ, ತಿರುಗಿದ ಮೇಲೆ ನೆನಪಾಗಿ ಥೂ ಥೂ ಎಂದು ಎದೆಗೆ ಉಗುಳಿಕೊಂಡು ನಗುತ್ತಾರೆ. ಲುಂಬಾರಾಮನೊಬ್ಬ ಮರೆಯಲಿಲ್ಲ, ನಗಲೂ ಇಲ್ಲ.

ನಾನು ಜೋಧಪುರದಿಂದ ಸೊಸೆಯಾಗಿ ಬಂದವಳು. ನನ್ನ ಅತ್ತೆಯ ಮನೆಯವರದು ಮರಳಿನಂಚಿನಲ್ಲಿ ಪ್ರವಾಸಿಗರಿಗೆಂದು ಕಟ್ಟಿದ ನಾಲ್ಕಾರು ಮಣ್ಣಿನ ಗುಡಿಸಿಲುಗಳ ವಸತಿ. ಬಂದವರಿಗೆ ನಾವು ಸಜ್ಜೆರೊಟ್ಟಿ ಬೇಯಿಸಿ ಹಾಕಿದರೆ, ಲುಂಬಾರಾಮ ತನ್ನ ಒಂಟೆಗಳ ಮೇಲೆ ಕೂರಿಸಿಕೊಂಡು ದಿಬ್ಬ ತೋರಿಸಿ ತರುತ್ತಿದ್ದ. ಜಾತಿಯಿಂದ ರೈಕಾ, ಒಂಟೆ ಸಾಕುವುದನ್ನು ಬಿಟ್ಟರೆ ಅವರ ಕುಲಕ್ಕೆ ಬೇರೆ ದೇವರ ಕೆಲಸ ಗೊತ್ತಿಲ್ಲ. ಕೆಂಪು ರುಮಾಲಿನ ಕೆಳಗೆ ಒಣಗಿದ ಖರ್ಜೂರದಂಥ ಮುಖ. ಚಳಿಗಾಲಕ್ಕೆಂದು ಯಾವನೋ ಗಡಿಯ ಯೋಧ ಕೊಟ್ಟ ದಪ್ಪ ಕೋಟಿನಂಥ ಹಸಿರು ದಗಲೆಯನ್ನು ಕಡುಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಕೇಳಿದರೆ, "ಬಿಸಿಲು ಒಳಗ ಬರಬಾರದಲ್ಲ, ಬರಬಾರದಲ್ಲ" ಎನ್ನುವನು. ಮುಖ್ಯವಾದ ಮಾತನ್ನೆಲ್ಲ ಹೀಗೆ ಎರಡು ಸಲ ಆಡುವುದು ಅವನ ಪದ್ಧತಿ. ನನ್ನನ್ನೂ ಅಷ್ಟೇ, ಅಂಗಳಕ್ಕೆ ಕಾಲಿಡುತ್ತಲೇ "ಬೀನಣಿ, ಬೀನಣಿ, ಚಹಾ ಇಡವಾ" ಎಂದು ಕೂಗುವನು. ಬೀನಣಿ ಎಂದರೆ ಸೊಸೆ. ಊರಿಗೆಲ್ಲ ನಾನು ಅದೇ ಆಗಿದ್ದೆ, ನನಗೊಂದು ಹೆಸರಿರುವುದು ನನ್ನ ಗಂಡನಿಗೂ ನೆನಪಿತ್ತೋ ಇಲ್ಲವೋ.

ಒಮ್ಮೆ ಗುಜರಾತಿನ ದಪ್ಪ ವ್ಯಾಪಾರಿಯೊಬ್ಬನ ಟೋಪಿ ಗಾಳಿಗೆ ಹಾರಿತಂತೆ. "ಏಯ್!" ಎಂದು ಒಂದು ಸಲ ಕೂಗಿ, ಇಷ್ಟು ದೊಡ್ಡ ಮನುಷ್ಯ ಮತ್ತೊಮ್ಮೆ ಕೂಗಬೇಕೆ ಎಂಬ ಬಿಗುಮಾನದಲ್ಲಿ ಅವನು ಬೋಳುತಲೆಯಲ್ಲೇ ಇಡೀ ದಾರಿ ಬಿಸಿಲುಂಡು ಬಂದ. ನಮ್ಮಂಗಳದಲ್ಲಿ ಇಳಿದವನೇ ಲುಂಬಾರಾಮನ ಮೇಲೆ ಹರಿಹಾಯ್ದ. ಲುಂಬಾರಾಮ ಸಾಸರಿನಲ್ಲಿ ಚಹಾ ಸುರಿದುಕೊಂಡು ಊದುತ್ತಾ, "ಸೇಠ್‌ಜಿ, ನಿಮ್ಮ ಟೋಪಿನೂ ಒಂದ ಸಲ ಹಾರ್ತು, ನೀವೂ ಒಂದ ಸಲ ಕರದ್ರಿ. ಟೋಪಿಗೋ ನನಗೋ, ಯಾರಿಗೆ ಅಂತ ತಿಳ್ಕೊಳ್ಳಲಿ?" ಎಂದ. ನನ್ನ ಅತ್ತೆ ಸೆರಗಿನೊಳಗೆ ನಕ್ಕು ನಕ್ಕು ಕೆಮ್ಮಿದಳು.

ಆದರೆ ಕಟ್ಟಳೆಯ ತಳದಲ್ಲಿ ನಗೆ ಇರಲಿಲ್ಲ. ಅತ್ತೆಯೇ ಒಂದು ದಿನ ಕಾಳು ಆರಿಸುತ್ತಾ ಹೇಳಿದಳು. ಪ್ರಾಯದಲ್ಲಿ ಲುಂಬಾರಾಮನೂ ಅವನ ತಮ್ಮ ಹಕಾರಾಮನೂ ಒಂಟೆಗಳನ್ನು ಹೊಡೆದುಕೊಂಡು ಬರುವಾಗ ಧೂಳಿನ ಬಿರುಗಾಳಿ ಎದ್ದಿತಂತೆ. ಅಣ್ಣ ಮುಂದೆ, ತಮ್ಮ ಸಾಲಿನ ಕೊನೆಗೆ. ಗಾಳಿಯೊಳಗಿಂದ "ಅಣ್ಣಾ" ಎಂದು ಒಂದು ಕೂಗು ಬಂತು. ಲುಂಬಾರಾಮ ಇನ್ನೊಂದು ಕೂಗಿಗಾಗಿ ಕಿವಿಗೊಟ್ಟು ನಡೆದ, ಇನ್ನೊಂದು ಬರಲಿಲ್ಲ. ಗಾಳಿ ನಿಂತ ಮೇಲೆ ಹಕಾರಾಮ ಸಿಕ್ಕಿದ್ದು ದಾರಿಯ ಪಕ್ಕದಲ್ಲೇ, ನರಳಿದರೂ ಕೇಳಿಸುವಷ್ಟು ಹತ್ತಿರದಲ್ಲಿ, ಬಾಯಿ ತುಂಬ ಮರಳು.

ಹೊಟ್ಟೆಯಲ್ಲಿ ಮಾತು ನಿಲ್ಲದವಳು ನಾನು. ಲುಂಬಾರಾಮ ಒಬ್ಬನೇ ಒಲೆಯ ಮುಂದೆ ಸಿಕ್ಕಿದಾಗ, ಮುಸುಕನ್ನು ಮೂಗಿನವರೆಗೆ ಎಳೆದುಕೊಂಡು ಕೇಳಿಯೇಬಿಟ್ಟೆ. "ಕಾಕಾ, ಅಷ್ಟೆಲ್ಲ ಆದ ಮ್ಯಾಲೂ ಒಂದ ಕೂಗಿಗೆ ತಿರುಗೂದಿಲ್ಲಲ್ಲ, ಯಾಕ?"

ಅವನು ಕೊಳ್ಳಿಯೊಂದನ್ನು ಒಲೆಯೊಳಗೆ ದೂಡಿದ. "ತಿರುಗಿದ್ನಿ ಅಂದ್ರ ಬೀನಣಿ, ಒಂದ ಸಲ ಕರಿಯಾವ್ರೂ ಮನುಷ್ಯಾರ ಅಂತ ಒಪ್ಪಿದಂಗ ಆಗ್ತೈತಿ. ಆಮ್ಯಾಲೆ ಅವತ್ತು ಕರದಾಂವ ನನ್ನ ತಮ್ಮ ಅಂತ ಆಗ್ತೈತಿ. ಆಮ್ಯಾಲೆ ನಾ ಹೆಂಗ ಉಣ್ಲಿ? ಅಂವ ಅಲ್ಲ. ಅದು ಕರದಿತ್ತು. ಅಂವ ಶಾಣ್ಯಾ, ಎರಡ ಸಲ ಕರೀತಿದ್ದ." ಈ ಮಾತನ್ನು ಅವನು ಒಂದೇ ಸಲ ಹೇಳಿದ.

ಇಷ್ಟೆಲ್ಲ ಬಲ್ಲ ನಾನು ಅಲ್ಲಿಯವರೆಗೆ ಒಂಟೆ ಹತ್ತಿರಲಿಲ್ಲವೆಂದರೆ ನೀವು ನಗುತ್ತೀರಿ. ಒಲೆ ಬಿಟ್ಟು ಮೇಲೇಳುವವರಿಗಲ್ಲವೆ ಒಂಟೆ! ಹೋಳಿ ಕಳೆದು ಪ್ರವಾಸಿಗರು ತೆಳುವಾದ ದಿನಗಳಲ್ಲಿ ಪಾಲಿಯಿಂದ ಉಗಮಬಾಯಿ ಎಂಬ ವೃದ್ಧ ಶಿಕ್ಷಕಿ ಒಬ್ಬರೇ ಬಂದರು. ದಿಬ್ಬಗಳಾಚೆಯ ಹಳೆಯ ಬಾವಿ ನೋಡಬೇಕು, ಆದರೆ ಜೊತೆಗೊಂದು ಹೆಣ್ಣುಜೀವ ಇಲ್ಲದೆ ಹೋಗಲೊಲ್ಲೆ ಎಂದರು. ಅತ್ತೆ ನನ್ನನ್ನು ಮುಂದೆ ದೂಡಿ, "ಈಕಿನ್ನ ಕರ್ಕೊಂಡು ಹೋಗ್ರಿ. ಊರ ಮಂದಿನ್ನೆಲ್ಲ ಒಂಟಿ ಹತ್ತಿಸಿ ಕಳಸಾಕಿ, ತಾ ಮಾತ್ರ ಒಂದಿನ ಹತ್ತಿಲ್ಲ. ಮಿಠಾಯಿ ಅಂಗಡಿಯಾಕಿ ಬೆಲ್ಲ ಹೆಂಗಿರ್ತೈತಿ ಅಂತ ಕೇಳಿದ್ಲಂತ!" ಎಂದಳು.

ಲುಂಬಾರಾಮ ಹತ್ತಿಸುವ ಮೊದಲು ಒಂದು ಷರತ್ತು ಹಾಕಿದ. "ಬೀನಣಿ, ಬೀನಣಿ, ಕೂಗಿ ತೋರ್ಸು." ಹಿರಿಯ ಗಂಡಸಿನೆದುರು ದನಿಯೆತ್ತಿದವಳಲ್ಲ ನಾನು, ಮುಸುಕಿನೊಳಗೆ ಏನೋ ಗುಣುಗಿದೆ. "ಇದು ಇಲಿಗೆ ಕೇಳ್ತೈತಿ, ಒಂಟಿಗೆ ಕೇಳೂದಿಲ್ಲ" ಎಂದ ಅವನು. ಅಂಗಳದ ಹೆಂಗಸರೆಲ್ಲ ನೆರೆದು ಕಿಸಕ್ಕೆಂದರು. ಕೊನೆಗೆ ಸಿಟ್ಟು ಬಂದು, "ಕಾಕಾ! ಕಾಕಾ!" ಎಂದು ಕಿರುಚಿದೆ. ಅವನ ಒಣಮುಖ ಅರಳಿತು. "ಹಾಂ, ಇದು ಜೀವ ಇದ್ದವ್ರ ಕೂಗು."

ಒಂಟೆ ಏಳುವುದು ಒಂದೇ ಸಲಕ್ಕಲ್ಲ. ಹಿಂಗಾಲು ಎತ್ತಿದಾಗ ನಾವು ಅದರ ಕತ್ತಿನ ಮೇಲೆ ಬಿದ್ದು ಭೂಮಿಗೆ ನಮಸ್ಕಾರ ಮಾಡುತ್ತೇವೆ, ಮುಂಗಾಲು ಎತ್ತಿದಾಗ ಹಿಂದಕ್ಕೆ ವಾಲಿ ಆಕಾಶಕ್ಕೆ. ಆ ಎರಡು ನಮಸ್ಕಾರಗಳ ನಡುವೆ ನನ್ನ ಹೊಟ್ಟೆಯೊಳಗಿದ್ದ ರೊಟ್ಟಿಯೂ ದೇವರನ್ನು ನೆನೆಯಿತು. ಮುಂದಿನ ಒಂಟೆಯ ಮೇಲೆ ಉಗಮಬಾಯಿ, ಅದರ ಜೀನಿಗೆ ಹಗ್ಗ ಕಟ್ಟಿದ ಭೂರಾ ಎಂಬ ಒಂಟೆಯ ಮೇಲೆ ನಾನು, ಎಲ್ಲಕ್ಕೂ ಮುಂದೆ ನಡೆದುಹೋಗುವ ಹಸಿರು ದಗಲೆ. ಮೊದಮೊದಲು ಭಯ, ಅನಂತರ ಭಯಕ್ಕಿಂತ ವಿಚಿತ್ರವಾದುದೊಂದು ನನ್ನನ್ನು ಆವರಿಸಿತು. ಅಷ್ಟು ದೊಡ್ಡ ಪ್ರಾಣಿ, ಹೆಜ್ಜೆಯ ಸಪ್ಪಳವೇ ಇಲ್ಲ. ನಾವು ನಡೆಯುತ್ತಿದ್ದೇವೆಯೋ ಅಥವಾ ದಿಬ್ಬಗಳೇ ನಿಶ್ಶಬ್ದವಾಗಿ ನಮ್ಮ ಕೆಳಗಿನಿಂದ ಸರಿದುಹೋಗುತ್ತಿವೆಯೋ ತಿಳಿಯದು. ಮನೆಯಿಂದ ಪ್ರತಿದಿನ ಕಾಣುತ್ತಿದ್ದ ಮರಳೇ ಅದು. ಮೇಲಿನಿಂದ ನೋಡಿದಾಗ ಅದು ನನ್ನನ್ನು ಗುರುತಿಸಲಿಲ್ಲ.

ಬಾವಿ ನೋಡಿ ಮರಳುವಾಗ ನಡುಹಗಲಿನಲ್ಲೇ ಬೆಳಕು ಹಳದಿಯಾಯಿತು. ಸೂರ್ಯ ತೊಳೆಯದ ಹಿತ್ತಾಳೆ ತಟ್ಟೆಯಂತೆ ಮಂಕಾದ. ಧೂಳು ಎದ್ದದ್ದು ಗಾಳಿಯಿಂದೆಂದು ಅನಿಸಲಿಲ್ಲ. ನೆಲವೇ ಉಸಿರೆಳೆದುಕೊಂಡು ಮೇಲೆ ಬಂದಂತಿತ್ತು. ಉಗಮಬಾಯಿ ಶಾಲನ್ನು ತಲೆಗೆ ಸುತ್ತಿಕೊಂಡು ಬಾಗಿದರು. ಆಗಲೇ ಭೂರಾನ ಹೊಟ್ಟೆಗೆ ಬಿಗಿದ ಪಟ್ಟಿ ಸಡಿಲಾಗಿ, ಜೀನು ಪಕ್ಕಕ್ಕೆ ಹೊರಳಿ, ನಾನು ಎರಡು ದಿಬ್ಬಗಳ ನಡುವಣ ಗಟ್ಟಿನೆಲಕ್ಕೆ ಬೆನ್ನಡಿಯಾಗಿ ಬಿದ್ದೆ. ಉಸಿರು ನಿಂತೇಹೋಯಿತು. ಕೂಗಲೆಂದು ಬಾಯಿ ತೆರೆದರೆ ಒಳಗೆ ಹೋದದ್ದು ಮರಳು, ಹೊರಗೆ ಬಂದದ್ದು ಏನೂ ಇಲ್ಲ. ಭಾರ ಇಳಿಯಿತೆಂಬಂತೆ ಭೂರಾ ಹಾಯಾಗಿ ನಡೆದುಹೋಗುತ್ತಿತ್ತು. ಅದರ ಬಾಲ, ಆಮೇಲೆ ಮುಂದಿನ ಒಂಟೆ, ಆಮೇಲೆ ಹಸಿರು ದಗಲೆ, ಒಂದೊಂದನ್ನೇ ಹಳದಿ ಧೂಳು ಒರೆಸಿಹಾಕಿತು. ಹಕಾರಾಮ ಇಷ್ಟೇ ಹತ್ತಿರದಲ್ಲಿ ಬಿದ್ದಿದ್ದ ಎಂಬುದು ಹೊಳೆದಾಗ, ಸಾವೆಂದರೆ ಏನೆಂದು ನನಗೆ ಸ್ಪಷ್ಟವಾಗಿ ಕಂಡಿತು. ಎರಡು ಸಲ ಕೂಗಬೇಕಾಗಿತ್ತು, ನನ್ನ ಬಳಿ ಒಂದೂ ಇರಲಿಲ್ಲ.

ಆಗ ಧೂಳಿನೊಳಗಿಂದ ಲುಂಬಾರಾಮ ಬಂದ. ಹುಡುಕುತ್ತಾ ಬರಲಿಲ್ಲ, ಯಾರೋ ದಾರಿ ತೋರಿಸಿಕೊಟ್ಟಂತೆ ನೆಟ್ಟಗೆ ನನ್ನ ಬಳಿಗೇ ಬಂದ. ನನ್ನನ್ನೆತ್ತಿ ಕೂರಿಸಿ, ಬೆರಳು ಹಾಕಿ ಬಾಯಿಯ ಮರಳು ತೆಗೆದು, ಬೆನ್ನು ಗುದ್ದಿದ. ಉಸಿರು ಮರಳಿದ ಮೇಲೆ ಗದರಿಸಿದ. "ಎರಡ ಸಲ ಕರಿ ಅಂತ ಹೇಳಿದ್ನಿಲ್ಲೇನ? ಒಂದ ಸಲ ಯಾಕ ಕರದಿ?"

"ನಾ ಕರದಿಲ್ಲ ಕಾಕಾ."

"ಕರದಿ, ಕರದಿ. ನನ್ನ ಕಿವ್ಯಾಗ ಬಿತ್ತು."

"ಬಾಯಾಗಿನ ಮಣ್ಣು ನೀವ ತಗದ್ರಲ್ಲ ಕಾಕಾ. ಉಸಿರ ಇದ್ದಿದ್ದಿಲ್ಲ, ಹೆಂಗ ಕರೀಲಿ?"

ಅವನ ಕೈ ನನ್ನ ಭುಜದ ಮೇಲೆ ನಿಂತಿತು. ನಾನು ಕೇಳಬಾರದಿತ್ತು, ಆದರೂ ಕೇಳಿದೆ. "ಏನಂತ ಕರದಂಗಾತು?"

ಲುಂಬಾರಾಮ ಬಹಳ ಮೆಲ್ಲಗೆ, ಆ ಶಬ್ದ ಒಡೆದುಹೋದೀತೆಂಬಂತೆ, "ಅಣ್ಣಾ ಅಂತ" ಎಂದ.

ನಾನು ಜನ್ಮದಲ್ಲಿ ಅವನನ್ನು ಅಣ್ಣಾ ಎಂದವಳಲ್ಲ. ಮುಂದೆ ನಿಲ್ಲಿಸಿದ್ದ ಒಂಟೆಗಳ ಕಡೆಯಿಂದ ಉಗಮಬಾಯಿ, "ಏನಾತ್ರೀ? ನನಗೇನೂ ಕೇಳಸ್ಲಿಲ್ಲ, ಇವ್ರು ಯಾಕ ಒಮ್ಮೆಲೇ ಓಡಿದ್ರು?" ಎಂದು ಕೂಗುತ್ತಿದ್ದರು. ಲುಂಬಾರಾಮ ಎದ್ದು ನಿಂತು, ರುಮಾಲನ್ನು ತಲೆಯಿಂದ ತೆಗೆದು, ಗಾಳಿ ಬರುತ್ತಿದ್ದ ಕಡೆಗೆ ಬರಿತಲೆಯಲ್ಲಿ ಮುಖ ಮಾಡಿದ. "ಓ" ಎಂದ. ಸ್ವಲ್ಪ ಹೊತ್ತು ಬಿಟ್ಟು, ಇನ್ನಷ್ಟು ಗಟ್ಟಿಯಾಗಿ, "ಓ... ಬಂದೆನೋ ತಮ್ಮಾ" ಎಂದ. ನಾನು ಹೆದರಿ ಅಳುತ್ತಿದ್ದೆ. ಅವನು ಅಳುತ್ತಿದ್ದನೋ ಇಲ್ಲವೋ, ಆ ಧೂಳಿನಲ್ಲಿ ಕಾಣಲಿಲ್ಲ.

ಆ ದಿನದಿಂದ ಅವನು ಪ್ರತಿ ಕೂಗಿಗೂ ತಿರುಗತೊಡಗಿದ. ಹೆಂಗಸರು ಆಡನ್ನು ಕೂಗಿ ಕರೆದರೂ ತಿರುಗುವನು, ಕೌಜುಗ ಕೂಗಿದರೂ ನಿಲ್ಲುವನು. ಯಾರೂ ಕರೆಯದ ಹೊತ್ತಿನಲ್ಲೂ ದಿಬ್ಬಗಳ ಕಡೆಗೆ "ಓ" ಎಂದು ಕಾಯುವನು. ಅವನ ಒಂಟೆಸಾಲು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಮುಟ್ಟದಾಯಿತು, ಪ್ರವಾಸಿಗರು ಬೇರೆಯವರನ್ನು ಹಿಡಿದರು. ಊರವರು ಮುದುಕನಿಗೆ ಗಾಳಿ ಹಿಡಿಯಿತೆಂದರು. ನನ್ನ ಜೀವ ಉಳಿದದ್ದಕ್ಕೆ ಅವನು ತೆತ್ತ ಬೆಲೆ ಅದು, ಮತ್ತು ಅದನ್ನು ನೆನೆದಾಗ ನನಗೆ ಕೃತಜ್ಞತೆಗಿಂತ ಮೊದಲು ಬರುವುದು ನಡುಕ.

ಕಟ್ಟಳೆಯನ್ನು ಹಲ್ಲುಕಚ್ಚಿ ಪಾಲಿಸುವವರನ್ನು ಕಂಡರೆ ನಾವು ಮೂಢರೆಂದು ನಗುತ್ತೇವೆ. ಅಂಥವರಲ್ಲಿ ಹಲವರಿಗೆ ಅದು ನಂಬಿಕೆಯಲ್ಲ, ಆಸರೆ. ಅದು ಸುಳ್ಳಾದ ದಿನ ತಾವು ಯಾರ ಕೈಬಿಟ್ಟೆವೆಂಬುದು ನಿಜವಾಗಿಬಿಡುತ್ತದೆ. ಆದರೂ ನಮ್ಮ ನಡುವೆ ಕೆಲವರು, ಇನ್ನೊಬ್ಬರು ಸಾಯುವ ಹೊತ್ತಿಗೆ, ಆ ಆಸರೆಯನ್ನು ತಾವೇ ಬಿಟ್ಟು ಹಿಂದಿರುಗಿ ನೋಡುತ್ತಾರೆ. ಹಾಗೆ ನೋಡಿದವರು ನಮ್ಮನ್ನು ಮನೆಗೆ ತಲುಪಿಸುತ್ತಾರೆ; ತಾವು ಮಾತ್ರ ಆಮೇಲೆ ಮನೆಗೆ ಬರುವುದೇ ಇಲ್ಲ.